ಎಳೆಯೊಳಗೆ ನೆಲೆಸಿದ ಬಣ್ಣ

ಚೆನ್ನೈನ ಗಲ್ಲಿ ಕ್ರಿಕೆಟ್ ಹುಡುಗರ ಹಳದಿ ಜೆರ್ಸಿಯನ್ನು ಬೆರಳಿಂದ ಸವರಿ ನೋಡಿ. ಹೆಸರು, ಅಂಕಿ, ಪಟ್ಟೆ ಯಾವುದೂ ಕೈಗೆ ತಡೆಯುವುದಿಲ್ಲ. ಬಟ್ಟೆಯ ನುಣುಪಷ್ಟೇ ಸಿಗುತ್ತದೆ. ಸಬ್ಲಿಮೇಷನ್ ಮುದ್ರಣದ ಸೊಬಗೇ ಅದು.

ಮೊದಲು ಕಾಗದದ ಮೇಲೆ ಕನ್ನಡಿಬಿಂಬದಂತೆ ತಿರುಗುಮುರುಗಾಗಿ ಅಚ್ಚಾಗುವ ಚಿತ್ರ, ಮಳೆಗೆ ನೆನೆದ ಪೋಸ್ಟರಿನಂತೆ ಮಂಕಾಗಿರುತ್ತದೆ. ಅದನ್ನು ಪಾಲಿಯೆಸ್ಟರ್ ಮೇಲೆ ಕವುಚಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷದಷ್ಟು ಒತ್ತುತ್ತಾರೆ. ಡಬ್ಬಿಯಲ್ಲಿ ಸವೆಯುವ ಕರ್ಪೂರದಂತೆ ಬಣ್ಣ ನೀರಾಗದೆ ನೇರ ಆವಿಯಾಗುತ್ತದೆ. ಬಿಸಿಗೆ ಸಡಿಲಗೊಂಡ ಎಳೆಯೊಳಗೆ ನುಸುಳಿ, ತಣಿದಾಗ ಅಲ್ಲೇ ನೆಲೆಸುತ್ತದೆ. ಕಾಗದ ಎತ್ತಿದ ಕ್ಷಣ ಮಂಕು ಹಳದಿ ಚೆಂಡುಹೂವಾಗಿ ಅರಳಿರುತ್ತದೆ!

ಮರೀನಾದ ಬಿಸಿಲು, ಬೆವರು, ದಿನದಿನದ ಒಗೆತ ಏನೇ ಬರಲಿ, ಎಳೆಯೊಳಗೇ ಬೆರೆತ ಬಣ್ಣಕ್ಕೆ ಸುಲಿದುಹೋಗಲು ಮೇಲ್ಪದರವೇ ಇಲ್ಲ.