‘ಶರಪಂಜರ’: ರೋಗವೂ ಮನೆಯೂ

ತ್ರಿವೇಣಿಯವರ (1928–1963) ‘ಶರಪಂಜರ’ವನ್ನು ಹುಚ್ಚಿಯೊಬ್ಬಳ ಕಥೆಯೆಂದು ಬಗೆಯುವುದುಂಟು. ವಸ್ತುತಃ ಅದು ಗುಣಹೊಂದಿದವಳ ಕಥೆ. ಹೆರಿಗೆಯ ತರುವಾಯ ಕಾವೇರಿಯ ಬುದ್ಧಿ ಕದಡುತ್ತದೆ; ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಮನೆಗೆ ಮರಳುತ್ತಾಳೆ. ದುರಂತದ ಬೀಜವಿರುವುದು ಅಲ್ಲಿ. ಗಂಡನ ಅನಾದರ, ನೆರೆಹೊರೆಯ ಅಂಜಿಕೆ, ಸಹಜವಾದ ಸಿಟ್ಟಿನಲ್ಲೂ ರೋಗವನ್ನೇ ಕಾಣುವ ಕಣ್ಣು, ಇವು ವೈದ್ಯರು ಕಟ್ಟಿದ್ದನ್ನು ಕೆಡಹುತ್ತವೆ.

ಮನಃಶಾಸ್ತ್ರವನ್ನು ಅಭ್ಯಸಿಸಿದ್ದ ಲೇಖಕಿಯ ಈ ಕಾಣ್ಕೆಗೆ ಶಾಸ್ತ್ರದ ಬೆಂಬಲವೂ ಉಂಟು. ಇಂಗ್ಲೆಂಡಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೀಕೆ ಹಗೆತನಗಳಿರುವ ಮನೆಗೆ ಮರಳಿದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ರೋಗವು ಮರುಕಳಿಸುವುದು ಹೆಚ್ಚೆಂದು ಕಂಡುಬಂದಿತು. ಮನೆಯೇ ರೋಗಕ್ಕೆ ಮೂಲವೆಂದು ಇದರ ಅರ್ಥವಲ್ಲ. ಮನೆ ಮದ್ದೂ ಆಗಬಲ್ಲುದು. ಅಮೃತಸರದಲ್ಲಿ ಡಾ. ವಿದ್ಯಾಸಾಗರರು 1950ರ ದಶಕದಲ್ಲಿಯೇ ಬಂಧುಗಳನ್ನೂ ಆಸ್ಪತ್ರೆಯ ಆವರಣದ ಡೇರೆಗಳಲ್ಲಿ ರೋಗಿಗಳೊಡನೆ ಇರಿಸಿ ಚಿಕಿತ್ಸೆ ನಡೆಸಿದ್ದರು.

ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದ ಈ ಕಥೆ 1974ರಲ್ಲಿ ‘ಕೃಷ್ಣವೇಣಿ’ಯಾಗಿ ತೆಲುಗರನ್ನೂ ತಲಪಿತು. ವಿಶಾಖಪಟ್ಟಣದ ದ್ವಾರಕಾ ನಗರದಂಥೆಡೆ ನೆಲಸಿದ ಕನ್ನಡ ಕುಟುಂಬಕ್ಕೆ ಬಳಗ ದೂರ. ನಾಲ್ಕು ಗೋಡೆಗಳೊಳಗಿನವರೇ ಅದರ ಸಮಾಜ. ಕಾವೇರಿಗೆ ದೊರೆಯದೆಹೋದ ಎರಡನೆಯ ಚಿಕಿತ್ಸೆಯಾದ ನಂಬಿಕೆಯನ್ನು ಅಲ್ಲಿ ಮನೆಯವರಲ್ಲದೆ ಬೇರಾರೂ ನೀಡಲಾರರು.