ಒಂದೇ ಅಚ್ಚಿನ ಹಾಡುಗಳು

1964ರ ಆಗಸ್ಟ್‌ನಿಂದ 1965ರ ಜೂನ್‌ವರೆಗೆ ಡೆಟ್ರಾಯಿಟ್‌ನ ಮೂವರು ಕಪ್ಪು ಯುವತಿಯರ ಐದು ಸಿಂಗಲ್‌ಗಳು ಒಂದರ ಬೆನ್ನಿಗೊಂದು ಬಿಲ್‌ಬೋರ್ಡ್ ‘ಹಾಟ್ 100’ ಪಟ್ಟಿಯ ತುದಿಗೇರಿದವು. ಬೀಟಲ್ಸ್ ಹುಚ್ಚು ಅಮೆರಿಕವನ್ನು ಹಿಡಿದಿದ್ದ ವರ್ಷ ಅದು ಎಂಬುದನ್ನು ಮರೆಯಬಾರದು. ತಂಡ ಸುಪ್ರೀಮ್ಸ್, ಕಂಪನಿ ಮೋಟೌನ್.

ಮೋಟೌನ್ ಕಟ್ಟಿದ ಬೆರ್ರಿ ಗಾರ್ಡಿ ಅದಕ್ಕೆ ಮುಂಚೆ ಕಾರು ಕಾರ್ಖಾನೆಯಲ್ಲಿ ದುಡಿದವರು. ಹಾಡನ್ನೂ ಅವರು ಹಾಗೆಯೇ ತಯಾರಿಸಿದರು: ಬರೆಯುವವರು ಬೇರೆ, ನುಡಿಸುವವರು ಬೇರೆ, ಹಾಡುವವರು ಬೇರೆ, ಕೊನೆಗೆ ವಾರದ ಸಭೆಯಲ್ಲಿ ಪಾಸಾದರಷ್ಟೇ ಬಿಡುಗಡೆ. ಕಾರ್ಖಾನೆ ಸಂಗೀತ ಎಂದು ಮೂಗು ಮುರಿಯುವವರಿಗೆ ಪುರಾವೆಗೇನೂ ಬರವಿಲ್ಲ. ಸುಪ್ರೀಮ್ಸ್‌ನ ‘ಬೇಬಿ ಲವ್’ ಕೇಳಿದರೆ ಅದರ ಹಿಂದಿನ ಹಿಟ್ ‘ವೇರ್ ಡಿಡ್ ಅವರ್ ಲವ್ ಗೋ’ದ ಜೆರಾಕ್ಸ್‌ನಂತಿದೆ, ಅದೇ ಕಾಲಬಡಿತ, ಅದೇ ಮೆಲುದನಿಯ ಅಳಲು. ಇವೆರಡನ್ನೂ ಬರೆದ ಹಾಲೆಂಡ್, ಡೋಜಿಯರ್, ಹಾಲೆಂಡ್ ತ್ರಿವಳಿ 1965ರಲ್ಲಿ ಫೋರ್ ಟಾಪ್ಸ್ ತಂಡದ ಹಿಂದಿನ ಹಿಟ್ಟನ್ನೇ ಮಗ್ಗುಲು ಬದಲಿಸಿ ‘ಇಟ್ಸ್ ದ ಸೇಮ್ ಓಲ್ಡ್ ಸಾಂಗ್’ ಎಂದು ಹೆಸರಿಟ್ಟಿತು. ಶೀರ್ಷಿಕೆಯಲ್ಲೇ ತಪ್ಪೊಪ್ಪಿಕೊಂಡ ಕಳ್ಳರ ಮೇಲೆ ಸಿಟ್ಟಾಗುವುದಾದರೂ ಹೇಗೆ!

ಈ ಪುನರಾವರ್ತನೆ ನನಗೆ ದೋಷವಾಗಿ ಕಾಣುವುದಿಲ್ಲ. ಚೌಕಟ್ಟು ಒಂದೇ ಆದ್ದರಿಂದಲೇ ಅದರೊಳಗಿನ ನುಡಿಸಾಣಿಕೆ ಎದ್ದು ಕೇಳುತ್ತದೆ. ಸುಪ್ರೀಮ್ಸ್‌ನ 1966ರ ‘ಯೂ ಕ್ಯಾಂಟ್ ಹರ್ರಿ ಲವ್’ ತೆಗೆದುಕೊಳ್ಳಿ. ಸಾಹಿತ್ಯ ಸಾಧಾರಣ, ತಂಡದ ಮುಖ್ಯ ಗಾಯಕಿ ಡಯಾನಾ ರಾಸ್ ಅವರ ದನಿ ತೆಳು. ಅದರ ಕೆಳಗೆ ಜೇಮ್ಸ್ ಜಾಮರ್ಸನ್ ಅವರ ಬೇಸ್ ಗಿಟಾರ್ ಮಾತ್ರ ತಾಳ ಕಾಯುತ್ತ ಕೂರದೆ ಇನ್ನೊಂದು ರಾಗವನ್ನೇ ಹಾಡುತ್ತದೆ. ಜಾಝ್‌ನಲ್ಲಿ ಪಳಗಿದ, ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದ ಈ ಮನುಷ್ಯ ಎರಡೂವರೆ ಮೂರು ನಿಮಿಷದ ಪ್ರೇಮಗೀತೆಗೆ ಬೆನ್ನೆಲುಬು ಕೊಟ್ಟರು. ಆ ತೆಳುದನಿ ಹಿತವಾಗುವುದೂ ಈ ಆಸರೆಯಿಂದಲೇ.

ನನ್ನ ತಕರಾರು ಹೆಸರಿನ ಲೆಕ್ಕದಲ್ಲಿದೆ. ಜಾಮರ್ಸನ್ ಮತ್ತು ಅವರ ಜೊತೆಯ ‘ಫಂಕ್ ಬ್ರದರ್ಸ್’ ವಾದ್ಯಗಾರರ ಹೆಸರು ಮೋಟೌನ್ ಆಲ್ಬಮ್ಮಿನ ಮೇಲೆ ಅಚ್ಚಾಗಲು 1971ರಲ್ಲಿ ಮಾರ್ವಿನ್ ಗೇ ಅವರ ‘ವಾಟ್ಸ್ ಗೋಯಿಂಗ್ ಆನ್’ ಬರಬೇಕಾಯಿತು. ಇದರ ತದ್ವಿರುದ್ಧವೂ ನಡೆಯಿತು. ಸುಪ್ರೀಮ್ಸ್‌ನ ಹನ್ನೆರಡನೆಯ, ಕಡೆಯ ನಂಬರ್ ಒನ್ ಹಾಡು 1969ರ ‘ಸಮ್‌ಡೇ ವಿ ವಿಲ್ ಬಿ ಟುಗೆದರ್’. ಅದರಲ್ಲಿ ತಂಡದ ಪೈಕಿ ಹಾಡಿದ್ದು ರಾಸ್ ಒಬ್ಬರೇ. ಲೇಬಲ್ ಮೇಲೆ ಮಾತ್ರ ಸುಪ್ರೀಮ್ಸ್ ಎಂದೂ ಇತ್ತು.