ಸೋಫಾದ ಹಿಂದಿನ ಕಿಟಕಿ

ಮಲೆನಾಡು, ಕರಾವಳಿಯ ಹಳೆಯ ಮನೆಗಳನ್ನು ‘ಸ್ವಲ್ಪ ಕ್ಲೀನ್ ಮಾಡಿ ಇಟ್ಟುಕೊಳ್ಳುವ’ ಕೆಲಸ ಈಗ ಜೋರಾಗಿ ನಡೆದಿದೆ. ಹಿರಿಯರು ತೀರಿಕೊಂಡಿರುತ್ತಾರೆ, ಇಲ್ಲವೇ ಮಕ್ಕಳ ಜೊತೆ ಬೆಂಗಳೂರು ಸೇರಿರುತ್ತಾರೆ. ರಜೆಗೆ ಬಂದ ಮಗ, ಸೊಸೆ ನಾಲ್ಕು ಆಳು ಕರೆಸಿ, ಅಟ್ಟದಿಂದ ಉಗ್ರಾಣದವರೆಗೆ ಎಲ್ಲ ಕೆಳಗಿಳಿಸಿ, ಗುಜರಿಯವನಿಗೆ ಕೊಡುವುದನ್ನು ಕೊಟ್ಟು, ಉಳಿದ ಮೇಜು ಕುರ್ಚಿಗಳನ್ನು ಅತ್ತಿತ್ತ ಸರಿಸಿ, ಮೊದಲು ಹೇಗಿತ್ತು ಈಗ ಹೇಗಿದೆ ಎಂದು ಫೋಟೋ ಹಾಕುತ್ತಾರೆ. ಫೋಟೋ ಚೆನ್ನಾಗಿಯೇ ಬಂದಿರುತ್ತದೆ. ಮನೆಯೊಳಗೆ ಕಾಲಿಟ್ಟರೆ ಮಾತ್ರ ಹಳೆಯ ಕತ್ತಲೆ ಹಾಗೆಯೇ ಇರುತ್ತದೆ. ನನ್ನ ತಕರಾರು ಇಷ್ಟೇ: ನಾವು ಹೊರಗೆ ಹಾಕುತ್ತಿರುವುದು ಹಾಕಬೇಕಾದ ಸಾಮಾನನ್ನಲ್ಲ.

ಹಳೆಯ ತೊಟ್ಟಿಮನೆಯೊಂದರ ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತು ನೋಡಿ. ಅಲ್ಲಿನ ಕಿಟಕಿಗಳು ಸಾಮಾನ್ಯವಾಗಿ ಬಹಳ ತಗ್ಗಿನಲ್ಲಿರುತ್ತವೆ. ಕೂತವರ ಮೊಣಕೈ ಊರುವಷ್ಟು ಎತ್ತರದಲ್ಲಿ ಕಟ್ಟೆ, ಅದರ ಮೇಲೆ ಮರದ ಸರಳು. ಕೂತರೆ ಅಂಗಳ ಕಾಣುತ್ತದೆ, ಗಾಳಿ ಮುಖಕ್ಕೆ ತಾಗುತ್ತದೆ, ಬೆಳಕು ನೆಲದ ಮೇಲೆ ಹರಡುತ್ತದೆ. ಎದ್ದು ನಿಂತರೆ ಅದೇ ಕಿಟಕಿ ಗಿಡ್ಡವಾಗಿ, ಕೆಲಸಕ್ಕೆ ಬಾರದ್ದಾಗಿ ತೋರುತ್ತದೆ. ಚಾಪೆ, ಮಣೆಗಳ ಮೇಲೆ ಕೂರುವವರಿಗಾಗಿ ಕಟ್ಟಿದ ಮನೆ ಅದು. ಅಂಥ ಕಿಟಕಿಗೆ ಒತ್ತಿಕೊಂಡು ಮೂರು ಜನ ಕೂರುವ ಸೋಫಾ ಬಂದ ದಿನವೇ ಮನೆಗೆ ಕತ್ತಲೆ ಹೊಕ್ಕಿತು. ಆಮೇಲೆ ಹಗಲಲ್ಲೂ ಟ್ಯೂಬ್‌ಲೈಟು, ಕಿಟಕಿಗೆ ಧೂಳು ಹಿಡಿದ ಪರದೆ. ‘ಹಳೇ ಮನೆ ಅಲ್ವಾ, ಬೆಳಕು ಕಮ್ಮಿ’ ಎಂಬ ಮಾತು ಬೇರೆ!

ಈ ಮನೆಗಳಲ್ಲಿ ಪೀಠೋಪಕರಣ ಎನ್ನುವಂಥದ್ದು ಇದ್ದದ್ದೇ ಕಡಿಮೆ. ಜಗಲಿಯಲ್ಲೊಂದು ಆರಾಮಕುರ್ಚಿ, ಹಜಾರದಲ್ಲಿ ತೂಗುಮಂಚ, ಕೋಣೆಯಲ್ಲೊಂದು ಮಂಚ, ನಾಲ್ಕಾರು ಮರದ ಪೆಟ್ಟಿಗೆ. ಉಳಿದದ್ದೆಲ್ಲ ಗೋಡೆಯಲ್ಲೋ ಸೂರಿನಲ್ಲೋ ಸೇರಿಕೊಂಡಿತ್ತು. ದೀಪಕ್ಕೆ ಗೂಡು, ಅಂಗಿಗೆ ಗಿಳಿಗೂಟ, ಹಾಲು ಮೊಸರಿಗೆ ನೆಲುವು, ಉಪ್ಪಿನಕಾಯಿ ಭರಣಿಗೆ ನಾಗಂದಿಗೆ. ನೆಲ ಖಾಲಿ. ಖಾಲಿ ಇದ್ದದ್ದರಿಂದಲೇ ಒಂದೇ ಜಾಗ ಬೆಳಿಗ್ಗೆ ಅಡಿಕೆ ಸುಲಿಯಲು, ಮಧ್ಯಾಹ್ನ ಪಂಕ್ತಿಗೆ, ರಾತ್ರಿ ಹಾಸಿಗೆಗೆ ಒದಗುತ್ತಿತ್ತು. ಮನೆಯ ಜೋಡಣೆ ಬದಲಿಸುವುದು ದಿನನಿತ್ಯದ ಕೆಲಸವಾಗಿತ್ತು. ಚಾಪೆ ಸುತ್ತಿದರೆ ಮುಗಿಯಿತು. (ಆ ಚಾಪೆ ಹಾಸಿ, ಸುತ್ತಿ, ನೆಲ ಸಾರಿಸಿದವರು ಹೆಂಗಸರು, ಅವರಿಗೆ ಡೈನಿಂಗ್ ಟೇಬಲ್ ಬಿಡುಗಡೆಯಂತೆ ಕಂಡಿದ್ದರೆ ಅದನ್ನು ಆಡಿಕೊಳ್ಳುವ ಹಕ್ಕು ನನಗಿಲ್ಲ.)

ನೆಲ ತುಂಬಿದ್ದು ಸಂಬಳದ ಕಾಲದಲ್ಲಿ. ಗಾದ್ರೇಜ್ ಕಂಪನಿ ಉಕ್ಕಿನ ಬೀರು ಮಾಡತೊಡಗಿದ್ದು 1923ರಲ್ಲಿ. ಹಳ್ಳಿಯ ಮನೆಗಳಿಗೆ ಅದು ಬಂದದ್ದು ಬಹಳ ತಡವಾಗಿ, ಎಷ್ಟೋ ಕಡೆ ಮದುಮಗಳ ಜೊತೆಗೆ. ಹಿಂದೆಯೇ ಸನ್‌ಮೈಕಾ ಅಂಟಿಸಿದ ಟೀಪಾಯಿ, ದಿವಾನ, ಟಿವಿ ಸ್ಟ್ಯಾಂಡು, ಗಾಜಿನ ಶೋಕೇಸು. ಶೋಕೇಸಿನೊಳಗೆ ಪ್ಲಾಸ್ಟಿಕ್ ಹೂವು, ಶಾಲೆಯ ಕಪ್ಪು, ಯಾರೂ ಕಾಫಿ ಕುಡಿಯದ ಪಿಂಗಾಣಿ ಸೆಟ್ಟು. ಇಂದು ಮನೆ ಖಾಲಿ ಮಾಡುವಾಗ ಈ ಪದರಕ್ಕೆ ಯಾರೂ ಕೈ ಹಚ್ಚುವುದಿಲ್ಲ. ಅಪ್ಪ ಕಂತು ಕಟ್ಟಿ ತಂದದ್ದು, ಅಮ್ಮ ತವರಿಂದ ತಂದದ್ದು. ತಂದವರ ಮುಖ ನೆನಪಿದೆ. ಮುತ್ತಜ್ಜನ ಕಾಲದ ಪೆಟ್ಟಿಗೆಗೆ ಹಾಗೆ ಹೇಳುವವರಿಲ್ಲ, ಅದು ಮೊದಲು ಲಾರಿ ಹತ್ತುತ್ತದೆ. ಕೊಚ್ಚಿಯ ಮಟ್ಟಂಚೇರಿಯಲ್ಲೋ ಕಾರೈಕುಡಿಯಲ್ಲೋ ಹಳೆ ಸಾಮಾನಿನ ಅಂಗಡಿಸಾಲು ಸುತ್ತಿ ಬಂದವರಿಗೆ ಇಂಥ ಪೆಟ್ಟಿಗೆಗಳ ಬೆಲೆ ಗೊತ್ತು. ಮಾರುವವರಿಗೆ ಅದು ಗೊತ್ತಾಗುವುದು ಮಾರಿದ ಮೇಲೆ.

ಪತ್ತಾಯದ ವಿಷಯವನ್ನೇ ನೋಡಿ. ಹಲಸಿನ ದಪ್ಪ ಹಲಗೆಗಳನ್ನು ಜೋಡಿಸಿ ಮಾಡಿದ ಭತ್ತದ ಪೆಟ್ಟಿಗೆ ಅದು. ಮುಚ್ಚಳದ ಮೇಲೆ ಒಬ್ಬರು ಕಾಲು ಚಾಚಿ ಮಲಗಬಹುದು. ಕೋಣೆಯೊಳಗೇ ಜೋಡಿಸಿದ್ದರಿಂದ ಎಷ್ಟೋ ಪತ್ತಾಯಗಳು ಬಾಗಿಲಲ್ಲಿ ಹಿಡಿಸುವುದಿಲ್ಲ, ಬಿಚ್ಚಿಯೇ ಹೊರಗೆ ತರಬೇಕು. ಗೇಣಿಯ ಭತ್ತ ಬರುತ್ತಿದ್ದ ದೊಡ್ಡ ಮನೆಗಳ ಪತ್ತಾಯ ಬರಿದಾಗಲು ಕಾರಣ ಗೆದ್ದಲಲ್ಲ. 1974ರ ಮಾರ್ಚ್ 1ರಂದು, ದೇವರಾಜ ಅರಸು ಅವರ ಸರಕಾರದ ಕಾಲದಲ್ಲಿ, ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು, ಉಳುವವನೇ ಹೊಲದೊಡೆಯನಾದ. ಒಡೆಯರ ಮನೆಯ ಪತ್ತಾಯದಲ್ಲಿ ಹರಕು ಕಂಬಳಿ, ಹಳೆ ಪಂಚಾಂಗ, ಕಟ್ಟು ಬಿಚ್ಚದ ವಾರಪತ್ರಿಕೆಗಳು ಸೇರಿದವು. ಆಮೇಲೆ ಗದ್ದೆ ಅಡಿಕೆ ತೋಟವಾಗಿ, ಅಕ್ಕಿ ಅಂಗಡಿಯಿಂದ ಬರತೊಡಗಿದಾಗ ಉಳಿದವರ ಪತ್ತಾಯಕ್ಕೂ ಕೆಲಸವಿಲ್ಲದಾಯಿತು. ಹೀಗೆ ಊರಿನ ಅರ್ಧ ಶತಮಾನದ ಲೆಕ್ಕವನ್ನು ಹೊಟ್ಟೆಯಲ್ಲಿಟ್ಟುಕೊಂಡ ವಸ್ತು ಈಗ ‘ಜಾಗ ತಿನ್ನುತ್ತದೆ’ ಎಂಬ ಒಂದೇ ಮಾತಿಗೆ ಹಲಗೆ ಹಲಗೆಯಾಗಿ ಹೊರಡುತ್ತದೆ. ಪತ್ತಾಯ ಉಳಿಯಲೇಬೇಕೆಂದು ನಾನು ವಾದಿಸುತ್ತಿಲ್ಲ. ಜಾಗ ತಿನ್ನುತ್ತಿರುವುದು ಅದೊಂದೇ ಅಲ್ಲ, ಅದರ ಮುಂದೆ ನಿಂತ ಎರಡು ಬೀರುಗಳೂ ಹೌದು.

ಹಿಂದೆ ಇಷ್ಟೊಂದು ಗಂಟು ಬೀಳುತ್ತಿರಲಿಲ್ಲ. ಕಾರಣ ಸುಣ್ಣ. ವರ್ಷಕ್ಕೊಮ್ಮೆ, ಹಬ್ಬದ ಮುಂಚೆ, ಸುಣ್ಣ ಹೊಡೆಯಬೇಕೆಂದರೆ ಗೋಡೆ ಬಿಡಿಸಲೇಬೇಕು. ಪೆಟ್ಟಿಗೆ, ಮಂಚ, ಚಾಪೆ ಎಲ್ಲವೂ ಅಂಗಳಕ್ಕೆ. ಬಿಸಿಲಿಗೆ ತಿಗಣೆ ಸಾಯುತ್ತಿತ್ತು, ಗೆದ್ದಲು ಕಣ್ಣಿಗೆ ಬೀಳುತ್ತಿತ್ತು, ಒಡೆದದ್ದು ಅಲ್ಲೇ ಒಲೆಗೆ ಹೋಗುತ್ತಿತ್ತು. ಒಳಗೆ ವಾಪಸು ಹೋಗುವಾಗ ಪ್ರತಿಯೊಂದಕ್ಕೂ ಹೊಸದಾಗಿ ಜಾಗ ಹುಡುಕಬೇಕಾಗಿತ್ತು. ಹತ್ತು ವರ್ಷ ಬಾಳುವ ಪೇಂಟು ಬಂದ ಮೇಲೆ ಬೀರು ಇಟ್ಟಲ್ಲೇ ಇದೆ. ಮಣ್ಣಿನ ಗೋಡೆಗೆ ತಾಗಿಸಿ ನಿಲ್ಲಿಸಿದ ಬೀರುವಿನ ಹಿಂದೆ ಮಳೆಗಾಲದ ತೇವ ಆರುವುದಿಲ್ಲ. ಸರಿಸಿ ನೋಡಿದರೆ ಹಿಂಬದಿ ತುಕ್ಕು, ಗೋಡೆ ಬೂಷ್ಟು. ಒಂದು ಗೇಣು ಅಂತರ ಬಿಡಬೇಕೆಂಬ ಮಾತನ್ನು ಇಂಟೀರಿಯರ್ ಡಿಸೈನರ್ ಬಂದು ಹೇಳಬೇಕಾಗಿರಲಿಲ್ಲ.

ಈ ಖಾಲಿ ಮಾಡುವವರ ಗುರು ಹೆಚ್ಚಾಗಿ ಜಪಾನಿನ ಮಾರಿ ಕೊಂಡೋ. ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 2014ರಲ್ಲಿ, ನೆಟ್‌ಫ್ಲಿಕ್ಸ್ ಸರಣಿ 2019ರಲ್ಲಿ. ಅವರ ಪದ್ಧತಿಯಲ್ಲಿ ನನಗೆ ಇಷ್ಟವಾಗುವುದು ಒಂದಿದೆ: ಬಿಟ್ಟುಕೊಡುವ ವಸ್ತುವಿಗೆ ಕೃತಜ್ಞತೆ ಹೇಳಿ ಕಳಿಸುವುದು. ಆಯುಧಪೂಜೆಗೆ ಮೆಟ್ಟುಗತ್ತಿಗೂ ಕುಂಕುಮ ಹಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅವರ ಐದು ವಿಂಗಡಣೆಗಳು ಬಟ್ಟೆ, ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು. ಮಂಚ, ಬೀರುಗಳಿಗೆ ಅಲ್ಲಿ ಪ್ರತ್ಯೇಕ ಸಾಲೇ ಇಲ್ಲ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕಂತೆ. ಒರಳುಕಲ್ಲನ್ನು ಎತ್ತಿ ಹಿಡಿದು ಕೇಳಿಕೊಳ್ಳುವುದು ಹೇಗೆ? ಅದಕ್ಕಿಂತ ದೊಡ್ಡ ಕೊರತೆಯೆಂದರೆ, ವಸ್ತುವಿಗೆ ಒಬ್ಬನೇ ಯಜಮಾನ ಎಂಬುದು ಆ ಪದ್ಧತಿಯ ತಳಹದಿ. ಹಿಸ್ಸೆಯಾಗದ ಮನೆಯ ತೂಗುಮಂಚಕ್ಕೆ ಐವರು ವಾರಸುದಾರರು, ಐದು ಬಗೆಯ ಖುಷಿ. ಮೂರನೆಯ ಮಗು ಹುಟ್ಟಿದ ಮೇಲೆ ತಾವೇ ಅಚ್ಚುಕಟ್ಟುತನವನ್ನು ಹೆಚ್ಚುಕಮ್ಮಿ ಕೈಬಿಟ್ಟಿದ್ದೇನೆ ಎಂದು ಕೊಂಡೋ 2023ರಲ್ಲಿ ಹೇಳಿಕೊಂಡಾಗ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು.

ಇದರ ಎದುರು ತುದಿಯಲ್ಲಿ ಹೋಮ್‌ಸ್ಟೇ ಶೈಲಿಯಿದೆ. ಏನನ್ನೂ ಬಿಸಾಡುವುದಿಲ್ಲ, ಎಲ್ಲಕ್ಕೂ ಪಾಲಿಶ್. ಒರಳಿನಲ್ಲಿ ನೀರು ತುಂಬಿ ಹೂವು ತೇಲಿಬಿಡುತ್ತಾರೆ, ಹಂಡೆ ಛತ್ರಿ ಹೊರುತ್ತದೆ, ನೊಗ ಗೋಡೆ ಏರಿ ದೀಪ ತೂಗುತ್ತದೆ. ಬಿಸಾಡಿದ್ದಕ್ಕಿಂತ ಇದು ವಾಸಿ ಎಂದುಕೊಂಡರೂ ಅಲ್ಲಿ ಕೂತು ಕಾಫಿ ಕುಡಿಯುವುದು ನನಗೆ ಮುಜುಗರದ ಸಂಗತಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಕಟ್ಟಿದ ಹಸ್ತಶಿಲ್ಪ ಪರಂಪರಾ ಗ್ರಾಮ ಇದಕ್ಕಿಂತ ಮೇಲೆನಿಸುವುದು ಈ ಕಾರಣಕ್ಕೇ. ಬ್ಯಾಂಕಿನ ನೌಕರರಾಗಿದ್ದ ಶೆಣೈ (ಅವರು ತೀರಿಕೊಂಡದ್ದು 2017ರಲ್ಲಿ) ಬಿಡಿ ಸಾಮಾನಿಗಷ್ಟೇ ಆಸೆಪಟ್ಟವರಲ್ಲ. ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲ್‌ಗಳಂಥ ಕಟ್ಟಡಗಳನ್ನೇ ಬಿಚ್ಚಿ ತಂದು ಮತ್ತೆ ಎಬ್ಬಿಸಿದರು. ವಸ್ತುವಿಗೆ ಅದರ ಗೋಡೆ, ಅದರ ಬೆಳಕು ಸಿಕ್ಕಿತು. ಆದರೂ ಅದು ಮ್ಯೂಸಿಯಮ್ಮು. ಅಲ್ಲಿ ಯಾರೂ ಒದ್ದೆ ಟವೆಲ್ ಒಣಗಿಸಬೇಕಾಗಿಲ್ಲ. ಜನ ಬದುಕುವ ಮನೆಗೆ ಅದನ್ನು ಮಾದರಿ ಮಾಡಿಕೊಂಡರೆ ಅಜ್ಜಿ ತಮ್ಮ ಮನೆಯಲ್ಲಿ ತಾವೇ ಕಾವಲುಗಾರರಾಗುತ್ತಾರೆ.

ನನ್ನ ಕೇಳಿದರೆ ಕೆಲಸ ಕಿಟಕಿಯಿಂದ ಶುರುವಾಗಬೇಕು. ಕಿಟಕಿಗೆ ಅಡ್ಡ ನಿಂತದ್ದು ಮೊದಲು ಸರಿಯಲಿ, ಅದು ಯಾರ ತವರಿಂದ ಬಂದದ್ದಾದರೂ ಸರಿ. ವಯಸ್ಸಾದವರಿಗೆ ಕುರ್ಚಿ ಬೇಕೇ ಬೇಕು, ಮಂಡಿ ಕೇಳುವುದಿಲ್ಲ. ಬೆತ್ತದ ಎರಡು ಹಗುರ ಕುರ್ಚಿಗಳಿದ್ದರೆ ಬಿಸಿಲು ಸರಿದಂತೆ ಎತ್ತಿಡಬಹುದು. ಆಮೇಲೆ ಶೋಕೇಸು, ಆಮೇಲೆ ಬೀರು, ಪತ್ತಾಯದ ಸರದಿ ಎಲ್ಲಕ್ಕಿಂತ ಕೊನೆಗೆ. ಅಷ್ಟು ಹೊತ್ತಿಗೆ ಜಾಗದ ತಗಾದೆಯೇ ಇರಲಾರದು. ಇದ್ದರೆ, ಕೆಲವು ಮನೆಗಳಲ್ಲಿ ಈಗ ನಡೆಯುವ ಕ್ರಮ ಪರವಾಗಿಲ್ಲ: ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿ, ಬೇಕಾದವರು ಇಂಥ ದಿನದೊಳಗೆ ಒಯ್ಯಬೇಕು ಎಂದು ತಿಳಿಸುವುದು. ಮೈಸೂರಿನ ಅತ್ತೆ ಕಣ್ಣೀರಿನ ಎಮೋಜಿ ಕಳಿಸುತ್ತಾರೆ. ಬೆಂಗಳೂರಿನ ಚಿಕ್ಕಪ್ಪ ‘ಅದನ್ನ ಯಾರೂ ಮುಟ್ಟಬೇಡಿ, ನಂಗೆ ಬೇಕು’ ಎನ್ನುತ್ತಾರೆ. ಉದ್ದಗಲ ಅಳೆದು ಕಳಿಸಿದ ಮೇಲೆ, ಅವರ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅದು ಹಿಡಿಸುವುದಿಲ್ಲ ಎಂದು ಗೊತ್ತಾಗುತ್ತದೆ.